ಫ್ರಿಜ್ಜಿನ ಏಕಾದಶಿ

ಒಂದು ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ, ಫ್ರಿಜ್ಜಿನ ಬಾಗಿಲು ತೆರೆದು ನೋಡಿದರೆ ಸಾಕು. ಸೇಡಂನ ನಮ್ಮ ಮನೆಯ ಫ್ರಿಜ್ಜು ನಮ್ಮ ಅತ್ತೆಯವರದು. ಮೇಲಿನ ಅರೆ ನೈವೇದ್ಯದ ಹಾಲಿಗೆ, ನಡುವಿನದು ಮೊಸರು, ಬೆಣ್ಣೆಗೆ, ಕೆಳಗಿನದು ಕಾಯಿಪಲ್ಲೆಗೆ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಹಿಸ್ಸಾಕ್ಕೆ ಬಂದದ್ದು ಬಾಗಿಲಿನ ಕಟ್ಟಕಡೆಯ ಗೂಡು. ಮೈಲಿಗೆಯ ಸಾಮಾನೆಲ್ಲ ಅಲ್ಲಿ: ನನ್ನ ಉಗುರುಬಣ್ಣ, ಅರ್ಧ ತಿಂದ ಚಾಕಲೇಟು, ಮತ್ತು, ಓದುಗರು ತಪ್ಪು ತಿಳಿಯಬಾರದು, ಆಗೊಮ್ಮೆ ಒಂದು ಉಷ್ಟ್ರಪಕ್ಷಿಯ ವೀರ್ಯ.

ನಾನು ದನದ ಡಾಕ್ಟರು. ಎಮ್ಮೆ, ಆಡು, ಹೆಚ್ಚೆಂದರೆ ಯಾರದೋ ಮನೆಯ ಗಿಳಿ, ಇಷ್ಟು ನನ್ನ ಲೋಕ. ಅದರೊಳಗೆ ಉಷ್ಟ್ರಪಕ್ಷಿ ಕಾಲಿಟ್ಟದ್ದು ಒಬ್ಬ ಅಣ್ಣ ಮತ್ತು ತಂಗಿಯ ದೆಸೆಯಿಂದ. ಅವರ ಅಪ್ಪ ಹುಕಿ ಬಂದು ಒಂದು ಜೋಡಿ ಮರಿಗಳನ್ನು ತಂದು ಸಾಕಿದ್ದ. ಅವನು ತೀರಿಕೊಂಡ ಮೇಲೆ ಹೊಲ, ಎತ್ತು, ಕೊಪ್ಪರಿಗೆಗಳ ಜೊತೆ ಹಕ್ಕಿಗಳೂ ಪಾಲಾದವು. ಗಂಡು ನವಾಬ ಚಿಂಚೋಳಿಯಲ್ಲಿ ಅಣ್ಣನ ಬಳಿ ಉಳಿದ. ಹೆಣ್ಣು ನಮ್ಮ ಸೇಡಂ ತಾಲೂಕಿನದೇ ಮುಧೋಳಕ್ಕೆ ತಂಗಿ ನಾಗಮ್ಮನ ಹಿಂದೆ ಹೋಯಿತು. ಆಗ ಎಳೆಯದು, ಟೆಂಪೋ ಹತ್ತಿತ್ತು. ಈಗ ಮನೆಯ ಮಾಡು ಮುಟ್ಟುವಷ್ಟು ಬೆಳೆದ ಹಕ್ಕಿಯನ್ನು ಗಾಡಿ ಹತ್ತಿಸಿದರೆ ಗಾಬರಿಗೆ ಕಾಲು ಮುರಿದುಕೊಳ್ಳುತ್ತದೆ. ನಾಗಮ್ಮನ ಹಕ್ಕಿ ತತ್ತಿಯನ್ನೇನೋ ಇಡುತ್ತಿತ್ತು, ಎಲ್ಲ ಗೊಡ್ಡು. ಆದರೂ ಅದು ಅವುಗಳ ಮೇಲೆ ಕೂತು ಏಳುತ್ತಲೇ ಇರಲಿಲ್ಲ. "ಹಂಗೇ ಕುಂತಿರ್ತದರಿ ಡಾಕ್ಟರಬಾಯಿ, ನನಗ ನೋಡಾಕ ಆಗವಲ್ದು. ಈ ಸಲಾನೂ ಖಾಲಿ ಆದ್ರ ಯಾರಿಗರ ಕೊಟ್ಟುಬಿಡ್ತೀನಿ," ಎಂದು ನಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜೋಡಿ ಕೂಡದಿದ್ದರೆ ಬೀಜವನ್ನಾದರೂ ಒಯ್ಯೋಣ ಎಂದು ನಾನು ಒಪ್ಪಿಕೊಂಡೆ.

ನವಾಬ ಮನುಷ್ಯರ ಕೈಯಲ್ಲಿ ಬೆಳೆದವನು, ಹಾಗಾಗಿ ಅವನ ಪ್ರೇಮವೂ ಮನುಷ್ಯರ ಮೇಲೆಯೇ. ಅದರಲ್ಲೂ ನನ್ನ ಮೇಲೆ. ನನ್ನನ್ನು ಕಂಡದ್ದೇ ಕೊಕ್ಕು ಕೆಂಪೇರಿಸಿ, ಕಾಲು ಮಡಿಚಿ ಕೂತು, ಎರಡೂ ರೆಕ್ಕೆ ಬಿಚ್ಚಿ, ಕತ್ತನ್ನು ಬೆನ್ನಿಗೆ ಬಡಿಯುತ್ತ ಅತ್ತಿತ್ತ ತೂಗುತ್ತಾನೆ. ನನ್ನ ಯಜಮಾನರು ಹೆಣ್ಣು ನೋಡಲು ಬಂದಾಗ ನನಗಿಂತ ಅವಲಕ್ಕಿಯನ್ನೇ ಹೆಚ್ಚು ನೋಡಿದವರು, ಆದ್ದರಿಂದ ನನಗೆ ಈ ಮರ್ಯಾದೆ ಹೊಸದು. ಆಮೇಲೆ ಅವನು ಗೋಣಿಚೀಲದ ಬೊಂಬೆ ಹೆಣ್ಣಿನ ಮೇಲೇರುತ್ತಾನೆ, ನನಗೆ ಅರ್ಧ ಚಮಚೆಯಷ್ಟು ಸಿಗುತ್ತದೆ. ಅದಕ್ಕೆ ಪೋಷಕ ದ್ರಾವಣ ಬೆರೆಸಿ ತಂಪಿನಲ್ಲಿಟ್ಟರೆ ಮರುದಿನದವರೆಗೆ ಜೀವ ಹಿಡಿದಿರುತ್ತದೆ. ಬರ್ಫಾದರೂ ಸಾಯುತ್ತದೆ, ಬೆಚ್ಚಗಾದರೂ ಸಾಯುತ್ತದೆ. ನಮ್ಮ ದವಾಖಾನೆಯ ಫ್ರಿಜ್ಜು ಲಸಿಕೆಗಳಿಂದ ತುಂಬಿದ್ದರಿಂದ ಸಂಜೆ ಮನೆಗೆ ತಂದು ನನ್ನ ಗೂಡಿನಲ್ಲಿಟ್ಟೆ. ಅಂದು ದಶಮಿ ಎಂಬುದು ನನ್ನ ತಲೆಯಲ್ಲೇ ಇರಲಿಲ್ಲ.

ಬೆಳಿಗ್ಗೆ ನೋಡಿದರೆ ಫ್ರಿಜ್ಜಿನ ಬಾಗಿಲು ಹಾರು ಹೊಡೆದಿದೆ, ಪ್ಲಗ್ಗು ಕಿತ್ತು ಕೆಳಗೆ ಬಿದ್ದಿದೆ. ಅತ್ತೆ ನಿಶ್ಚಿಂತೆಯಿಂದ ಜಪಮಣಿ ಎಣಿಸುತ್ತಿದ್ದರು.

"ಅತ್ತಿ, ಫ್ರಿಜ್ಜಿಗೇನಾತು?"

"ಏನಾಗ್ತದ? ಇವತ್ತ ಏಕಾದಶಿ. ನಿನ್ನೆ ರಾತ್ರೀನೇ ಎಲ್ಲಾ ಖಾಲಿ ಮಾಡಿ ತಿಕ್ಕಿಟ್ಟೀನಿ. ಅದೂ ಒಂದಿನ ಉಪವಾಸ ಇರ್ಲಿ ಅಂತ ಬಂದ್ ಮಾಡೀನಿ. ಪ್ರತಿ ಸಲ ಮಾಡ್ತೀನಲಾ."

ಅತ್ತೆಯ ಕಣ್ಣಿಗೆ ಫ್ರಿಜ್ಜೆಂದರೆ ಮೂರು ಅರೆ. ಬಾಗಿಲಿನ ಗೂಡು ಲೆಕ್ಕದಲ್ಲೇ ಇಲ್ಲ. ಸೇಡಂನ ಸೆಕೆಗೆ ನವಾಬನ ಬೀಜದ ಶೀಸೆ ಸ್ನಾನದ ನೀರಿನಂತೆ ಬೆಚ್ಚಗಾಗಿತ್ತು. ಸಿಟ್ಟು ಬರಬೇಕಿತ್ತು, ಅಳು ಬಂತು. ಅಳುತ್ತಲೇ ನಾಗಮ್ಮನ ಹಕ್ಕಿ ಖಾಲಿ ತತ್ತಿಗಳ ಮೇಲೆ ಕೂಡುವ ಕಥೆಯನ್ನೆಲ್ಲ ಹೇಳಿದೆ.

ಅತ್ತೆಯ ಬೆರಳು ಜಪಮಣಿಯ ಮೇಲೆ ನಿಂತಿತು. "ನಾ ಏಕಾದಶಿ ಯಾಕ ಹಿಡದೀನಿ ಗೊತ್ತದೇನು ನಿನಗ? ನಿನ್ನ ಗಂಡ ಹುಟ್ಲಿ ಅಂತ. ನಾನೂ ಭಾಳ ವರ್ಷ ಹಂಗೇ ಕೂತಾಕಿ." ಜಪಮಣಿಯನ್ನು ದೇವರ ಮುಂದಿಟ್ಟು, "ಇನ್ನೊಮ್ಮೆ ಕೊಡ್ತದೇನು ಆ ಗಂಡು ಹಕ್ಕಿ? ನಡಿ, ನಾನೂ ಬರ್ತೀನಿ," ಎಂದರು.

ಹನಿ ನೀರೂ ಕುಡಿಯದೆ ಅತ್ತೆ ನನ್ನ ಜೀಪು ಹತ್ತಿದರು. ಚಿಂಚೋಳಿಯಲ್ಲಿ ನವಾಬ ಎಂದಿನಂತೆ ನನ್ನೆದುರು ಕೂತು ತೂಗಿದ. ಅತ್ತೆ ಬೇಲಿ ಹಿಡಿದು ನೋಡಿದರು, ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು. "ನನ್ನ ಮಗಾ ಒಂದಿನಾನೂ ಹಿಂಗ ಮಾಡಿಲ್ಲ ಬಿಡು, ಪಾಪ," ಎಂದರು. ಆ 'ಪಾಪ' ಯಾರಿಗೆ ಎಂದು ನಾನು ಕೇಳಲಿಲ್ಲ.

ಈ ಸಲ ಮನೆಯ ಗೊಡವೆಯೇ ಬೇಡವೆಂದು ನೇರ ಮುಧೋಳದ ದಾರಿ ಹಿಡಿದೆವು. ತಂಪಿನ ಡಬ್ಬಿಯನ್ನು ಆಗಾಗ ಮೆಲ್ಲಗೆ ಅಲುಗಿಸುತ್ತಿರಬೇಕು, ಇಲ್ಲದಿದ್ದರೆ ಬೀಜ ತಳಕ್ಕೆ ಕೂರುತ್ತದೆ ಎಂದೆ. ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ತೊಟ್ಟಿಲು ತೂಗಿದಂತೆ ತೂಗಿದರು, ಬಾಯಲ್ಲಿ ಏನೋ ಗುನುಗುತ್ತಿದ್ದರು. "ಮೈಲಿಗಿ ಆಗೂದಿಲ್ಲೇನು ಅತ್ತಿ?" ಎಂದು ಛೇಡಿಸಿದೆ. "ಜೀವಕ್ಕ ಎಂಥಾ ಮೈಲಿಗಿ. ನೀ ರಸ್ತಾ ನೋಡಿ ಗಾಡಿ ಹೊಡಿ," ಎಂದರು.

ಅಂದು ನಾನು ಬೀಜ ಏರಿಸಿದ ಮೇಲೆ ನಾಗಮ್ಮನ ಹಕ್ಕಿ ಇಟ್ಟ ತತ್ತಿಗಳಲ್ಲಿ ಒಂದೇ ಒಂದು ಒಡೆದು ಮರಿಯಾಯಿತು. ನಾಗಮ್ಮ ಫೋನು ಮಾಡಿದ್ದು ನನಗಲ್ಲ, ಅತ್ತೆಗೆ. "ನೀವು ತೂಗಿದ ಕೂಸು ಎದ್ದು ನಿಂತದ ನೋಡ್ರಿ ಅವ್ವಾರ," ಎಂದಳಂತೆ. ಅತ್ತೆ ಫೋನು ಇಟ್ಟು, ದೇವರ ಮುಂದೆ ಇನ್ನೊಂದು ದೀಪ ಹಚ್ಚಿ, ಗೋಧಿ ಪಾಯಸಕ್ಕೆ ಇಟ್ಟರು.

ಈಗ ಏಕಾದಶಿಯಂದು ಮನೆಯಲ್ಲಿ ಎಲ್ಲರಿಗೂ ಉಪವಾಸ, ಫ್ರಿಜ್ಜಿಗೆ ಮಾತ್ರ ಇಲ್ಲ. ಮೇಲಿನ ಅರೆಯಲ್ಲಿ, ನೈವೇದ್ಯದ ಹಾಲಿನ ಪಕ್ಕದಲ್ಲೇ, ಒಂದು ಸ್ಟೀಲ್ ಡಬ್ಬಿ ನವಾಬನಿಗೆಂದು ಕಾಯಂ ಕೂತಿದೆ. ನನ್ನ ಕಾಲವೂ ಬಂತೆಂದು ಹಿಗ್ಗಿ ಮೊನ್ನೆ ಅದರ ಪಕ್ಕ ನನ್ನ ಚಾಕಲೇಟು ಇಟ್ಟೆ. ಬೆಳಿಗ್ಗೆ ಅದು ಬಾಗಿಲಿನ ಕಟ್ಟಕಡೆಯ ಗೂಡಿಗೆ ಮರಳಿತ್ತು. ಕೇಳಿದ್ದಕ್ಕೆ ಅತ್ತೆ ಬೆಣ್ಣೆ ಕಾಸುತ್ತ ತಿರುಗಿಯೂ ನೋಡದೆ ಹೇಳಿದರು, "ನವಾಬನ ಮಾತ ಬ್ಯಾರೆ. ನೀ ಸೊಸಿ."