ರೀವದ ಮರಿಯೂ ನನ್ನ ಕ್ಯಾಲೆಂಡರೂ

ತುರುವೇಕೆರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಫೋಟೋ ಸ್ಟುಡಿಯೋ ನಡೆಸುತ್ತಿರುವ ನನಗೆ, ತೆಗೆಯಲಾಗದ ಫೋಟೋ ಅಂತ ಜಗತ್ತಿನಲ್ಲಿ ಒಂದಿದೆ ಎಂಬ ಅನುಮಾನವೇ ಇರಲಿಲ್ಲ. ಅಳುವ ಮದುಮಗಳು, ಮುನಿಸಿಕೊಂಡ ಬೀಗರು, ಫ್ಲ್ಯಾಶ್ ಹೊಡೆದ ಕೂಡಲೇ ಕಣ್ಣು ಮುಚ್ಚುವ ಅಜ್ಜಂದಿರು, ಎಲ್ಲರನ್ನೂ ನೇರ ನಿಲ್ಲಿಸಿದವನು ನಾನು. ಹೀಗಿರುವಾಗ ಒಂದು ಹಕ್ಕಿಮರಿ ಯಾವ ಲೆಕ್ಕ!

ಹಕ್ಕಿಯ ಹೆಸರು ರೀವ. ಕಡಲಹಕ್ಕಿಗಳ ವಂಶದ್ದು. ಕಡಲು ಬಿಟ್ಟು ನೊಣವಿನಕೆರೆ ದಾರಿಯ ಕೆರೆಗೆ ಯಾಕೆ ಬಂತೋ ಅದಕ್ಕೇ ಗೊತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಆ ಕೆರೆಯ ನಡುವೆ ಒಂದು ದಿಬ್ಬ ಏಳುತ್ತದೆ. ಅಲ್ಲಿ ಗೂಡು ಗೀಡು ಏನೂ ಕಟ್ಟದೆ ಬರಿಯ ಮರಳಿನ ಮೇಲೆ ಅದು ಮೊಟ್ಟೆ ಇಟ್ಟಿತ್ತು. ಒಂದು ದಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಆದ ನನ್ನ ಗೆಳೆಯ ರಫೀಕ್ ಸ್ಟುಡಿಯೋಗೆ ಬಂದು, "ತಾಯಿ ಮೀನು ಕಚ್ಕೊಂಡು ದಿಬ್ಬಕ್ಕೆ ಹೋಯ್ತಾ ಬತ್ತಾ ಐತೆ ಕಣ್ಲಾ, ಮರಿ ಆಗೈತೆ" ಎಂದ.

ನಾನು ಕೂಡಲೇ ಒಂದು ಘೋಷಣೆ ಹೊರಡಿಸಿದೆ. ಪ್ರತಿ ವರ್ಷ ಸ್ಟುಡಿಯೋದಿಂದ ಗಿರಾಕಿಗಳಿಗೆ ಹಂಚುವ ಕ್ಯಾಲೆಂಡರಿನಲ್ಲಿ ಇನ್ನು ಮುಂದೆ ರೆಡಿಮೇಡ್ ದೇವರ ಚಿತ್ರ ಇರುವುದಿಲ್ಲ, ಖುದ್ದು ನಾನೇ ತೆಗೆದ ರೀವದ ಮರಿ ಇರುತ್ತದೆ. ಬೇಕರಿಯಲ್ಲಿ ಹೇಳಿದೆ, ಕ್ಷೌರದಂಗಡಿಯಲ್ಲಿ ಹೇಳಿದೆ, ಬಸ್‌ಸ್ಟ್ಯಾಂಡಿನಲ್ಲಿ ಕಂಡವರಿಗೆಲ್ಲ ಹೇಳಿದೆ. ಇನ್ನು ಹಿಂದೆ ಸರಿದರೆ ಊರಿನಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ ಎಂಬುದು ಆಮೇಲೆ ಹೊಳೆಯಿತು.

ನನ್ನ ಹೆಂಡತಿ ಗಿರಿಜಾ ಹುಣಸೆಹಣ್ಣು ಬಿಡಿಸುತ್ತಾ ಕೇಳಿಸಿಕೊಂಡಳು. "ನೀವು ಇಲ್ಲೀಗಂಟ ತೆಗ್ದಿರೋದು ನೀವು ಹೇಳ್ದಂಗೆ ನಿಂತ್ಕೊಳ್ಳೋರ್ನ ಮಾತ್ರ ಕಣ್ರೀ. ಹಕ್ಕಿ ನಿಮ್ಮಾತು ಕೇಳ್ತದಾ? ಇನ್ನೊಂದು ವಿಷ್ಯ. ಕ್ಯಾಲೆಂಡರ್ನ ಜನ ದೇವ್ರ ಪಕ್ಕ ನೇತಾಕ್ತಾರೆ. ಲಕ್ಷಣವಾಗಿರ್ಲಿ."

ಮೊದಲ ಮಾತು ನೇರವಾಗಿ ಎದೆಗೆ ನಾಟಿತು. ಎರಡನೆಯದನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ರಫೀಕ್ ಟ್ರ್ಯಾಕ್ಟರ್ ಟ್ಯೂಬಿಗೆ ಗಾಳಿ ತುಂಬಿ, ಮೇಲೆ ಹಲಗೆ ಕಟ್ಟಿಕೊಟ್ಟ. ಹಕ್ಕಿಗೆ ಅನುಮಾನ ಬರಬಾರದೆಂದು ನಾನು ಸುತ್ತಲೂ ಹಸಿ ತೆಂಗಿನ ಗರಿ ಸಿಕ್ಕಿಸಿ, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನಡುವೆ ಕುಳಿತೆ. ಟ್ಯೂಬಿಗೆ ಕಟ್ಟಿದ ಹಗ್ಗದ ತುದಿ ದಡದಲ್ಲಿ ರಫೀಕನ ಕೈಯಲ್ಲಿ. ನಮ್ಮ ಒಪ್ಪಂದ ಬಹಳ ಸರಳ. ನಾನು ಕೈ ಎತ್ತಿದರೆ ಅವನು ಎಳೆಯಬೇಕು, ಇಳಿಸಿದರೆ ನಿಲ್ಲಿಸಬೇಕು.

ನೀರು ಸೊಂಟದಷ್ಟೇ ಇತ್ತು. ಗಳ ಊರಿಕೊಂಡು ಮೆಲ್ಲಗೆ ಹೊರಟೆ. ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಮುದುಕಿಯೊಬ್ಬಳು ನಿಂತು, "ಯಾರೋ ಪುಣ್ಯಾತ್ಮರು ಗಂಗಮ್ಮಂಗೆ ತೆಪ್ಪ ಬುಟ್ಟವ್ರೆ" ಎಂದು ನನ್ನತ್ತ ಕೈಮುಗಿದಳು. ಮಾತಾಡಿದರೆ ಮರಿಗಳು ಬೆದರುತ್ತವೆ. ಆದ್ದರಿಂದ ಗರಿಯೊಳಗೆ ಉಸಿರು ಬಿಗಿಹಿಡಿದು, ದೇವರ ಪಾತ್ರವನ್ನು ಗಾಂಭೀರ್ಯದಿಂದ ನಿರ್ವಹಿಸಿದೆ.

ದಿಬ್ಬ ಹತ್ತಿರವಾಯಿತು. ಎರಡು ಮರಿ. ಮರಳಿನದೇ ಬಣ್ಣ, ಮೈಯೆಲ್ಲ ಚುಕ್ಕೆ, ಮೊಟ್ಟೆಯೊಡೆದು ನಾಲ್ಕೈದು ದಿನವಷ್ಟೇ ಆಗಿರಬೇಕು. ಒಂದು ಈಚೆ ನೋಡುತ್ತಿತ್ತು, ಇನ್ನೊಂದು ಆಚೆ. ಇಲ್ಲಿ ನನ್ನ ಇಪ್ಪತ್ತೆರಡು ವರ್ಷದ ಚಾಳಿ ಎದ್ದು ಕುಳಿತಿತು. "ಸ್ವಲ್ಪ ಹತ್ರ ಬನ್ನಿ, ಇಬ್ರೂ ಈ ಕಡೆ ನೋಡಿ" ಎನ್ನುತ್ತಾ, ಮದುವೆ ಮಂಟಪದಲ್ಲಿ ಮುಂದೆ ಹೋಗುವಂತೆ ದಿಬ್ಬದ ಮೇಲೆ ಕಾಲಿಟ್ಟೇಬಿಟ್ಟೆ.

ತಾಯಿ ಬಂತು. ತಂದೆ ಬಂತು. ಯಾವ ಕಡೆಯ ನೆಂಟರೋ, ಇನ್ನೂ ನಾಲ್ಕು ಬಂದವು. ಒಂದೊಂದಾಗಿ ಕಿರುಚುತ್ತಾ ನನ್ನ ಬೋಳುತಲೆಗೆ ಗುರಿಯಿಟ್ಟು ಎರಗಿದವು. ಕೊಕ್ಕಿನಿಂದ ಒಂದು ಏಟು, ಮೇಲಿಂದ ಬಿಸಿಬಿಸಿ ಹಿಕ್ಕೆ. ತಲೆ ಉಳಿಸಿಕೊಳ್ಳಲು ಎರಡೂ ಕೈ ಮೇಲೆತ್ತಿದೆ.

ಮಾತಿಗೆ ತಪ್ಪದ ಮನುಷ್ಯ ರಫೀಕ್. ಎಳೆದ.

ನಾನಿಲ್ಲದ ತೆಪ್ಪ ದಡದ ಕಡೆಗೆ ಗಂಭೀರವಾಗಿ ಹೊರಟಿತು. "ಎಳೀಬ್ಯಾಡ ಕಣ್ಲಾ" ಎಂದು ಕೈ ಬೀಸಿದೆ. ಅವನು ಇನ್ನೂ ಜೋರಾಗಿ ಎಳೆದ. ದಿಬ್ಬದಂಚಿನ ಕೆಸರಿನಲ್ಲಿ ಎಡಗಾಲು ಹೂತುಕೊಂಡಿತು, ಕಾಲು ಬಂತು, ಚಪ್ಪಲಿ ಬರಲಿಲ್ಲ. ಕ್ಯಾಮೆರಾವನ್ನು ನೆತ್ತಿಯ ಮೇಲೆ ಹಿಡಿದು, ಅಂದರೆ ಮತ್ತೆ ಕೈ ಎತ್ತಿಕೊಂಡೇ, ನೀರಿನಲ್ಲಿ ತೆಪ್ಪವನ್ನು ಅಟ್ಟಿಸಿಕೊಂಡು ಹೋಗಿ, ಹೊಟ್ಟೆಯ ಮೇಲೆ ಬಿದ್ದು ಟ್ಯೂಬು ಹಿಡಿದೆ. ಏರಿಯ ಮೇಲಿನ ಮುದುಕಿ ಎಮ್ಮೆಯನ್ನೂ ಮರೆತು ನೋಡುತ್ತಿದ್ದಳು. ಕೈ ಮಾತ್ರ ಮುಗಿಯಲಿಲ್ಲ.

ಮುಗಿಯಿತು, ಮಾನ ಹೋಯಿತು ಎಂದುಕೊಂಡು ಹಿಂದಿರುಗಿ ನೋಡಿದೆ. ಹಕ್ಕಿಗಳು ಶಾಂತವಾಗಿದ್ದವು. ಬಿಸಿಲು ಸುಡುತ್ತಿತ್ತು. ಒಂದು ಮರಿ ತೂರಾಡುತ್ತಾ ಮರಳಿನ ಮೇಲೆ ನಡೆದು ಬಂದು, ಕೆಸರಿನಲ್ಲಿ ನೆಟ್ಟಗೆ ನಿಂತಿದ್ದ ನನ್ನ ಚಪ್ಪಲಿಯ ನೆರಳಿಗೆ ಸೇರಿಕೊಂಡು ಕುಳಿತಿತು. ತಾಯಿ ಪುಟ್ಟ ಬೆಳ್ಳಿಮೀನು ತಂದು ಅದರ ಬಾಯಿಗೆ ಚಾಚಿತು. ನಾನು ಕೈ ಇಳಿಸಿ ಕ್ಯಾಮೆರಾ ಕಣ್ಣಿಗೆ ಹಿಡಿದೆ. ಒಪ್ಪಂದದಂತೆ ರಫೀಕ್ ಎಳೆಯುವುದನ್ನು ನಿಲ್ಲಿಸಿದ. ಯಾರಿಗೂ ನಿಲ್ಲಿ ಎನ್ನಲಿಲ್ಲ, ನಗಿ ಎನ್ನಲಿಲ್ಲ. ಒಂದೇ ಒಂದು ಸಲ ಕ್ಲಿಕ್ ಮಾಡಿದೆ. ನೋಡಿದರೆ, ಕಣ್ಣಲ್ಲಿ ನೀರು ಬರುವಷ್ಟು ಚೆನ್ನಾಗಿ ಬಂದಿತ್ತು.

ಮೊಡವೆ ಅಳಿಸುವುದು, ಕೂದಲು ಬರೆಯುವುದು ನನಗೆ ಎಡಗೈ ಕೆಲಸ. ಆದರೆ ಈ ಫೋಟೋವನ್ನು ಮುಟ್ಟಲು ಮನಸ್ಸಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಅಚ್ಚು ಹಾಕಿಸಿದೆ. ಗಿರಿಜಾ ಕ್ಯಾಲೆಂಡರ್ ಬಿಚ್ಚಿ ಬಹಳ ಹೊತ್ತು ನೋಡಿದಳು. "ಸೋತೆ ಕಣ್ರೀ. ಮರಿ ಜೀವ ಇದ್ದಂಗೇ ಬಂದೈತೆ." ಆಮೇಲೆ ಕಣ್ಣು ಕಿರಿದು ಮಾಡಿದಳು. "ಚಪ್ಪಲಿ ಉಂಗುಷ್ಟ ಕಿತ್ತೋದಾಗ ನಾನು ಹಾಕ್ಕೊಟ್ಟ ಪಿನ್ನೂ ಬಂದೈತೆ."

ಕ್ಯಾಲೆಂಡರಿಗೆ ಜನ ಮುಗಿಬಿದ್ದರು. ಅಮ್ಮಸಂದ್ರದಿಂದ ಅರಳಗುಪ್ಪೆಯವರೆಗೆ ಕೇಳಿ ಕೇಳಿ ಒಯ್ದರು. ಎರಡನೆಯ ಸಲ ಅಚ್ಚು ಹಾಕಿಸಬೇಕಾಯಿತು. ಆದರೆ ಚಪ್ಪಲಿಯನ್ನು ದೇವರ ಪಕ್ಕ ಯಾರು ತಾನೇ ನೇತುಹಾಕುತ್ತಾರೆ? ನಾನು ಹೋದ ಮನೆಗಳಲ್ಲೆಲ್ಲ ಅದು ಬಾಗಿಲಾಚೆ, ಚಪ್ಪಲಿ ಬಿಡುವ ಜಾಗದ ಮೇಲೆ ರಾರಾಜಿಸುತ್ತಿದೆ. ಅಂದರೆ ಮನೆಗೆ ಬಂದವರು ಮೊಟ್ಟಮೊದಲು ನೋಡುವುದೇ ನನ್ನ ಫೋಟೋ.

ಮೊನ್ನೆ ಸ್ಟುಡಿಯೋಗೆ ಹೊಸ ಗಿರಾಕಿಯೊಬ್ಬರು ಬಂದರು. ಒಳಗೆ ಬಂದವರು ನನ್ನ ಮುಖ ನೋಡಲಿಲ್ಲ. ಬಗ್ಗಿ ಕಾಲು ನೋಡಿ, ಸಂತೋಷದಿಂದ ಕೇಳಿದರು.

"ಓ, ಅವ್ರು ನೀವೇನಾ ಸಾರ್?"