ವೀಕ್ಷಕನಿಗೆ ಸಂದ ಎರಡು ಗಂಟೆ ಹತ್ತು ನಿಮಿಷ

ಹೆಣ್ಣುಮಕ್ಕಳು ಮನೆಯಲ್ಲಿ ಎಷ್ಟು ದುಡಿಯುತ್ತಾರೆ ಎಂಬ ವಿಷಯದಲ್ಲಿ ನನಗಿರುವಷ್ಟು ಕಾಳಜಿ ನಮ್ಮ ಬೀದಿಯಲ್ಲಿ ಇನ್ನೊಬ್ಬ ಗಂಡಸಿಗಿಲ್ಲ. ಈ ಕುರಿತು ನಾನು ಹದಿನೇಳು ಪುಸ್ತಕ ಓದಿದ್ದೇನೆ. ಓದುವಾಗ ಮಧ್ಯೆ ಮಧ್ಯೆ ಕಾಫಿ ಬೇಕಾಗುತ್ತದೆ. ಅದನ್ನು ನನ್ನ ಹೆಂಡತಿ ತಂದುಕೊಡುತ್ತಾಳೆ.

ಒಂಬತ್ತು ವರ್ಷ ಸಹಕಾರ ಸಂಘದ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಹೊಲಿಗೆ ತರಬೇತಿಗೆ ಅರ್ಜಿ ಹಾಕಲು ಬರುವ ಹೆಂಗಸರು ‘ಉದ್ಯೋಗ’ ಎಂಬ ಕಡೆ ‘ಏನೂ ಇಲ್ಲ ಅಂತ ಬರ್ಕೊಳ್ಳಿ’ ಎನ್ನುತ್ತಿದ್ದರು. ನನ್ನ ಕೈಯಾರೆ ಸಾವಿರಾರು ‘ಏನೂ ಇಲ್ಲ’ ಬರೆದ ಮೇಲೆ, ಅವರ ಅಂಗೈಗಳನ್ನು ನೋಡಿ ಅನುಮಾನ ಶುರುವಾಯಿತು. ಎರಡು ವರ್ಷ ರಜೆ ಹಾಕಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ವಿಷಯ, ಲಿಂಗತ್ವ ಮತ್ತು ಅಂತರರಾಷ್ಟ್ರೀಯ ಅಭಿವೃದ್ಧಿ. ತರಗತಿಯಲ್ಲಿ ಇಪ್ಪತ್ತಮೂರು ಹೆಣ್ಣುಮಕ್ಕಳು, ನಾನೊಬ್ಬ. (ಮೊದಲ ದಿನ ನನ್ನನ್ನು ಫ್ಯಾನ್ ರಿಪೇರಿಗೆ ಬಂದವನೆಂದು ತಿಳಿದು ಕುರ್ಚಿ ಸರಿಸಿಕೊಟ್ಟರು.)

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಹಳ್ಳಿಯಲ್ಲಿದ್ದಾಗ ನಾನು ಪುಸ್ತಕ ಹಿಡಿದು ಕೂತರೆ ಸಾಕು, ಅಮ್ಮ ಮನೆಮಂದಿಯನ್ನೆಲ್ಲ ತುದಿಗಾಲಲ್ಲಿ ನಡೆಸುತ್ತಿದ್ದಳು. ಅಕ್ಕ ನೀರು ಹೊತ್ತಳು, ಅಮ್ಮ ಸೌದೆ ಒಡೆದಳು, ನಾನು ಓದಿದೆ. ಆ ಕಾನೂನು ಇಂದಿಗೂ ರದ್ದಾಗಿಲ್ಲ. ಈಗ ನಮ್ಮ ಜೊತೆಯೇ ಇರುವ ಅಮ್ಮ, ನನ್ನ ನಾಲ್ಕು ವರ್ಷದ ಮಗಳು ಗುಬ್ಬಿ ಜೋರಾಗಿ ಕೆಮ್ಮಿದರೂ, “ಶ್! ಅಪ್ಪ ಓದ್ತಾ ಇದಾನೆ” ಎನ್ನುತ್ತಾಳೆ.

ವಿಷಯಕ್ಕೆ ಬರುತ್ತೇನೆ. ಹೊರದೇಶದ ಒಂದು ವಿಶ್ವವಿದ್ಯಾಲಯಕ್ಕೆ ಮೂರು ತಿಂಗಳ ಅಧ್ಯಯನಕ್ಕೆಂದು ನಮ್ಮ ತರಗತಿಯಿಂದ ಒಬ್ಬರನ್ನು ಆರಿಸಿದರು. ಆ ಒಬ್ಬ ನಾನು! ಬಸ್ಸಿನಲ್ಲಿ ಪತ್ರವನ್ನು ಆರು ಸಲ ಓದಿದೆ. ಜೊತೆಗೊಂದು ನಮೂನೆ ಇತ್ತು: ಚಿಕ್ಕ ಮಕ್ಕಳಿರುವವರು ಸೋಮವಾರದೊಳಗೆ ಮನೆಯವರ ಒಪ್ಪಿಗೆಯ ಸಹಿ ತರಬೇಕು. ಬೇರೆ ವಿಭಾಗವಾಗಿದ್ದರೆ ಹೆಂಡತಿಯನ್ನು ಯಾರು ಕೇಳುತ್ತಿದ್ದರು? ನಮ್ಮದು ಕೇಳುವ ವಿಭಾಗ.

ಕೇಳಲು ನನಗೆ ಬಾಯಿ ಬರಲಿಲ್ಲ. ನನ್ನಾಕೆ ಆಸ್ಪತ್ರೆಯಲ್ಲಿ ನರ್ಸ್. ಮೂರು ತಿಂಗಳು ಅಮ್ಮ, ಗುಬ್ಬಿ, ಡ್ಯೂಟಿ ಎಲ್ಲವನ್ನೂ ಅವಳ ತಲೆಗೆ ಕಟ್ಟಿ ಹೋಗುವುದು ಹೇಗೆ? ನಮೂನೆಯನ್ನು ಹದಿನೇಳನೆಯ ಪುಸ್ತಕದೊಳಗೆ ಬಚ್ಚಿಟ್ಟೆ. ಒಂದು ವಾರ ಅವಳ ಮುಖ ಕಂಡಾಗಲೆಲ್ಲ, “ಅದೇ... ಒಂದು ವಿಷಯ...” ಎಂದು ಶುರುಮಾಡಿ, “ಕಾಫಿ ಇದೆಯಾ?” ಎಂದು ಮುಗಿಸಿದೆ.

ಈ ನಡುವೆ ನಮಗೆ ಪಾಠ ಹೇಳುವ ಮೇಡಂ ಒಂದು ಕೆಲಸ ಹಚ್ಚಿದರು. ಪ್ರತಿಯೊಬ್ಬರೂ ಒಬ್ಬ ಮಹಿಳೆಯ ಒಂದು ದಿನವನ್ನು ಹಿಂದೆಯೇ ಇದ್ದು ನೋಡಿ, ನಿಮಿಷ ನಿಮಿಷದ ಪಟ್ಟಿ ಮಾಡಬೇಕು. “ನೋಡಿ, ಬರೀರಿ. ಕೈ ಮಾತ್ರ ಹಾಕಬೇಡಿ. ನೀವು ಕೈ ಹಾಕಿದರೆ ಅಂಕಿಅಂಶ ಕೆಡುತ್ತೆ” ಎಂದರು. ನನ್ನ ಜೀವಮಾನದಲ್ಲಿ ಇಷ್ಟು ಸುಲಭದ ನಿಯಮವನ್ನು ಯಾರೂ ಕೊಟ್ಟಿರಲಿಲ್ಲ.

ಭಾನುವಾರ ಅವಳಿಗೆ ರಜೆ. ಅಂದೇ ವೀಕ್ಷಣೆ ಎಂದು ತೀರ್ಮಾನಿಸಿದೆ.

ಪಟ್ಟಿಯ ಮೊದಲ ಸಾಲು ಹೀಗಿದೆ: ‘ಬೆಳಿಗ್ಗೆ ಐದೂವರೆ. ವೀಕ್ಷಕನನ್ನು ಎಬ್ಬಿಸಿದ್ದು. ಮೂರು ಸಲ. ಒಟ್ಟು ಹನ್ನೆರಡು ನಿಮಿಷ.’ (ಇದನ್ನು ಅವಳ ಹೇಳಿಕೆಯ ಆಧಾರದ ಮೇಲೆ ಬರೆದುಕೊಂಡೆ.)

ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿ, ಗಡಿಯಾರ ನೋಡುತ್ತ ಕೂತೆ. ಅವಳು ಒಲೆಯ ಮೇಲೆ ಹಾಲಿಟ್ಟು ಗುಬ್ಬಿಯನ್ನು ಸ್ನಾನಕ್ಕೆ ಕರೆದೊಯ್ದಳು. ಹಾಲು ನನ್ನೆದುರಿಗೇ ಏರತೊಡಗಿತು. ನಾನು ಪೆನ್ನು ಬಿಗಿಯಾಗಿ ಹಿಡಿದೆ. ಹಾಲು ಅಂಚಿಗೆ ಬಂತು, ಒಂದು ಕ್ಷಣ ನನ್ನನ್ನೇ ನೋಡಿದಂತಾಯಿತು, ಧುಮುಕಿತು.

“ರೀ!” ಅವಳು ಒದ್ದೆ ಕೈಯಲ್ಲೇ ಓಡಿ ಬಂದಳು. “ಇಲ್ಲೇ ಕೂತಿದ್ದೀರಲ್ಲ, ಒಲೆ ಆರಿಸೋಕೆ ಏನಾಗಿತ್ತು?”

“ವೀಕ್ಷಕ ಮಧ್ಯಪ್ರವೇಶ ಮಾಡೋ ಹಾಗಿಲ್ಲ ಕಣೇ. ವಿಧಾನಶಾಸ್ತ್ರ ಒಪ್ಪಲ್ಲ.”

“ಏನು ಬರ್ಕೊಂಡ್ರಿ ಅದರಲ್ಲಿ?”

“ಐದು ಐವತ್ತೆರಡು. ಹಾಲು ಉಕ್ಕಿತು.”

“ಐದು ಐವತ್ತಮೂರು. ಹೆಂಡತಿನೂ ಉಕ್ಕಿದಳು. ಅದನ್ನೂ ಬರ್ಕೊಳ್ಳಿ!”

ಬರೆದುಕೊಂಡೆ. ನಾನು ಪ್ರಾಮಾಣಿಕ ವಿದ್ಯಾರ್ಥಿ.

ಬಟ್ಟೆ ನೆನೆಹಾಕಿದಳು, ಅಮ್ಮನ ಮಾತ್ರೆ ಕೊಟ್ಟಳು, ಗುಬ್ಬಿಗೆ ತಿಂಡಿ ತಿನ್ನಿಸಿದಳು, ಕಸ ಗುಡಿಸಿದಳು. ಗುಡಿಸುವಾಗ ನನ್ನ ಸ್ಟೂಲು ಅಡ್ಡ ಬಂತು. ಕಾಲೆತ್ತಿದೆ. (ಅದೂ ಮಧ್ಯಪ್ರವೇಶವೇ ಎಂಬ ಶಂಕೆ ಬಂದರೂ ಪೊರಕೆಯ ವೇಗ ನೋಡಿ ಎತ್ತಿದೆ.) ಈ ಗಡಿಬಿಡಿಯಲ್ಲಿ ನನ್ನ ಕನ್ನಡಕ ಕಾಣೆಯಾಯಿತು. ಅವಳೇ ಹುಡುಕಿಕೊಟ್ಟಳು, ಹನ್ನೊಂದು ನಿಮಿಷ. ಅದು ನನ್ನ ತಲೆಯ ಮೇಲಿತ್ತು, ಆದರೆ ಅವಳು ನನ್ನ ತಲೆಯನ್ನು ಕೊನೆಯಲ್ಲಿ ಹುಡುಕಿದಳು.

ಹನ್ನೊಂದು ಗಂಟೆಗೆ ಅವಳು ತರಕಾರಿ ಹೆಚ್ಚಲು ಕೂತಾಗ, ಈ ಸಮೀಕ್ಷೆಯ ಮಹತ್ವವನ್ನು ಅವಳಿಗೂ ತಿಳಿಸೋಣವೆಂದು ಸಂಬಳವಿಲ್ಲದ ದುಡಿಮೆಯ ಜಾಗತಿಕ ಆಯಾಮಗಳನ್ನು ನಲವತ್ತು ನಿಮಿಷ ವಿವರಿಸಿದೆ. ಪಟ್ಟಿಯಲ್ಲಿ ‘ವಿರಾಮ, ಬೌದ್ಧಿಕ ಮನರಂಜನೆ’ ಎಂದು ಬರೆದೆ.

ಅವಳು ಬಗ್ಗಿ ನೋಡಿದಳು. “ಅದನ್ನ ಹೊಡೆದುಹಾಕಿ. ಕೆಲಸ ಅಂತ ಬರೀರಿ.”

“ನೀನು ತಲೆದೂಗ್ತಾ ಕೇಳ್ತಿದ್ದೆಯಲ್ಲೇ?”

“ಆಸ್ಪತ್ರೇಲೂ ಹಾಗೇ ಕೇಳ್ತೀನಿ. ಅಲ್ಲಿ ಅದಕ್ಕೆ ಸಂಬಳ ಇದೆ.”

ಅಮ್ಮ ಜಗುಲಿಯಿಂದ ಕೂಗಿದಳು: “ಅವನು ಕಷ್ಟಪಟ್ಟು ಬರೀತಿದಾನೆ, ಪಾಪ. ಒಂದು ಲೋಟ ಕಾಫಿ ಕೊಡಮ್ಮ!”

ಹೊತ್ತು ಏರಿದಂತೆ ನನ್ನ ಪೆನ್ನಿಗೆ ಉಸಿರು ಕಟ್ಟಿತು. ಇವಳು ಒಂದು ಕೆಲಸ ಮಾಡುವಾಗ ಇನ್ನೊಂದನ್ನು ಕಾಲಲ್ಲಿ ಸರಿಸಿ ಮೂರನೆಯದನ್ನು ಬಾಯಲ್ಲಿ ಹೇಳುತ್ತಾಳೆ. ಮಧ್ಯಾಹ್ನ ಮೂರಕ್ಕೆ ಕಿಟಕಿಯ ಪಕ್ಕ ಕೂತಳು. ಅಬ್ಬ, ಕೊನೆಗೂ ವಿರಾಮ ಎಂದು ಖುಷಿಯಿಂದ ಬರೆಯಹೋದೆ. ಅವಳ ಕೈಯಲ್ಲಿ ಗುಬ್ಬಿಯ ಅಂಗಿ, ಸೂಜಿ, ಗುಂಡಿ. ಗುಂಡಿ ಹಚ್ಚುತ್ತ ಹಚ್ಚುತ್ತ ಹಾಗೇ ಕಣ್ಣು ಮುಚ್ಚಿದಳು. ಸೂಜಿ ಬಟ್ಟೆಯಲ್ಲಿ ಅರ್ಧಕ್ಕೆ ನಿಂತಿತ್ತು. ಸರಿಯಾಗಿ ನಾಲ್ಕು ನಿಮಿಷ. ಬೆಚ್ಚಿ ಎದ್ದು, ಯಾರೂ ನೋಡಲಿಲ್ಲವೆಂಬಂತೆ ಮತ್ತೆ ಹೊಲಿದಳು.

ಅದನ್ನು ಮಾತ್ರ ನಾನು ಬರೆದುಕೊಳ್ಳಲಿಲ್ಲ. ಅಂಥದ್ದು ಹದಿನೇಳು ಪುಸ್ತಕಗಳಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ಅಕ್ಕನ ಬಿಂದಿಗೆ ನೆನಪಾಯಿತು, ಅಮ್ಮನ ಕೊಡಲಿ ನೆನಪಾಯಿತು. ನಾನು ಹೊರದೇಶಕ್ಕೆ ಹೋಗಕೂಡದು.

ಸಂಜೆ ಲೆಕ್ಕ ಕೂಡಿಸಿದೆ. ಹದಿಮೂರು ಗಂಟೆ ನಲವತ್ತು ನಿಮಿಷ. ಅದೂ ರಜೆಯ ದಿನ! ನಾನು ಎದ್ದುನಿಂತು ಗಂಟಲು ಸರಿಮಾಡಿಕೊಂಡೆ.

“ನೋಡೇ, ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ನನಗೆ ಹೊರದೇಶದಲ್ಲಿ ಮೂರು ತಿಂಗಳು ಓದೋ ಅವಕಾಶ ಬಂದಿದೆ. ಆದರೆ ನಿನ್ನ ಈ ದುಡಿಮೆಯನ್ನ ಕಣ್ಣಾರೆ ಕಂಡ ಮೇಲೆ, ಇದನ್ನೆಲ್ಲ ನಿನ್ನೊಬ್ಬಳ ಮೇಲೆ ಹೊರಿಸಿ ಹೋಗೋ ಪಾಪಿ ನಾನಲ್ಲ. ಆ ಅವಕಾಶವನ್ನ ನಾನು ತ್ಯಾಗ ಮಾಡ್ತಿದ್ದೀನಿ!”

ಅವಳು ಕಣ್ಣೀರು ಹಾಕುತ್ತಾಳೆಂದು ಕಾದೆ. ಕೈ ಒರೆಸಿಕೊಂಡು, ಪಟ್ಟಿಯನ್ನು ಎಳೆದುಕೊಂಡು, ಪೆನ್ಸಿಲಿನಿಂದ ಅಲ್ಲಲ್ಲಿ ಗುರುತು ಹಾಕತೊಡಗಿದಳು.

“ಇದೇನು ಮಾಡ್ತಿದ್ದೀಯ?”

“ಎಬ್ಬಿಸಿದ್ದು ಹನ್ನೆರಡು, ಕನ್ನಡಕ ಹನ್ನೊಂದು, ಭಾಷಣ ನಲವತ್ತು, ನಿಮ್ಮ ಕಾಫಿ ಮೂರು ಸಲ ಇಪ್ಪತ್ತನಾಲ್ಕು, ಮೇಜಿನ ಕಾಗದ ಎತ್ತಿಟ್ಟಿದ್ದು ಹದಿನೇಳು, ನಿಮ್ಮ ಶರ್ಟು ಇಸ್ತ್ರಿ ಹನ್ನೆರಡು, ‘ಬಂದೆ ಬಂದೆ’ ಅಂತ ನೀವು ಬರದೆ ಊಟ ಮತ್ತೆ ಬಿಸಿ ಮಾಡಿದ್ದು ಹದಿನಾಲ್ಕು.” ತಲೆಯೆತ್ತಿದಳು. “ಎರಡು ಗಂಟೆ ಹತ್ತು ನಿಮಿಷ. ಇದು ಬರೀ ನಿಮಗೆ. ನೀವು ಹೋದರೆ ನನಗೆ ದಿನಕ್ಕೆ ಇಷ್ಟು ಉಳಿಯುತ್ತೆ.”

ನಾನು ಪಟ್ಟಿಯನ್ನು ಎರಡು ಸಲ ಪರೀಕ್ಷಿಸಿದೆ. ಲೆಕ್ಕ ಸರಿಯಾಗಿತ್ತು. ಅಕ್ಷರ ನನ್ನದೇ.

“ನಾನಿಲ್ಲದಿದ್ದರೆ... ಗುಬ್ಬಿನ ಶಾಲೆಗೆ ಬಿಡೋದು?”

“ಅತ್ತೆ ಬಿಡ್ತಾರೆ. ನಾನು ಮಂಗಳವಾರವೇ ಮಾತಾಡಿದ್ದೀನಿ. ನನಗೂ ಮೂರು ತಿಂಗಳು ಬೆಳಗಿನ ಡ್ಯೂಟಿ ಹಾಕಿದಾರೆ, ಮಧ್ಯಾಹ್ನ ಬಂದುಬಿಡ್ತೀನಿ.”

“ಮಂಗಳವಾರವೇ? ನಿನಗೆ ಹೇಗೆ ಗೊತ್ತಾಯ್ತು?”

“ಆ ಪುಸ್ತಕದ ಧೂಳು ಯಾರು ಒರೆಸ್ತಾರೆ ಅಂದ್ಕೊಂಡಿದ್ದೀರಿ?”

ಓಡಿಹೋಗಿ ಹದಿನೇಳನೆಯ ಪುಸ್ತಕ ತೆರೆದೆ. ನಮೂನೆಯಲ್ಲಿ ಅವಳ ಸಹಿ ಆಗಲೇ ಬಿದ್ದಿತ್ತು, ತಾರೀಖಿನ ಸಮೇತ. ಐದು ದಿನದಿಂದ ನಾನು ಆ ಪುಸ್ತಕವನ್ನು ಬಿಚ್ಚಿಯೇ ಇರಲಿಲ್ಲ ಎಂಬುದಕ್ಕೂ ಅದು ದಾಖಲೆಯಾಯಿತು.

ಅಮ್ಮ ಒಳಗೆ ಬಂದಳು. “ಮೂರೇ ತಿಂಗಳಾ? ಇನ್ನೊಂದಿಷ್ಟು ದಿನ ಇಟ್ಕೊಳ್ಳಲ್ವಂತಾ?”

ಓದುವ ಮಗನನ್ನು ದೇವರಂತೆ ಸಾಕಿದ ನನ್ನಮ್ಮ! ನಾನು ಸ್ಟೂಲಿನ ಮೇಲೆ ಕುಸಿದೆ. “ಹಾಗಾದರೆ ಈ ಮನೇಲಿ ನಾನು ಯಾರಿಗೂ ಬೇಕಿಲ್ಲ.”

ನನ್ನಾಕೆ ಬಂದು ಎದುರಿಗೆ ನಿಂತಳು. “ಬೇಕು ಅಂತಾನೇ ಅಲ್ವಾ ಎರಡು ಗಂಟೆ ಹತ್ತು ನಿಮಿಷ ಕೊಡೋದು? ವಾರ್ಡಿನಲ್ಲಿ ಒಬ್ಬರಿಗೇ ಇಷ್ಟು ಹೊತ್ತು ಕೊಟ್ಟರೆ ನನ್ನನ್ನ ಕೆಲಸದಿಂದ ತೆಗೀತಾರೆ.” ಆಮೇಲೆ ದನಿ ಇಳಿಸಿ, “ನೀವು ಆಯ್ಕೆ ಆಗಿದ್ದನ್ನ ಇಡೀ ವಾರ್ಡಿಗೆ ಹೇಳಿದ್ದೀನಿ. ಇನ್ನು ನೀವು ಹೋಗದಿದ್ದರೆ ನನ್ನ ಮರ್ಯಾದೆ ಏನಾಗಬೇಕು?” ಎಂದಳು.

ವೀಕ್ಷಣೆ ಮುಗಿಯಿತೆಂದು ಘೋಷಿಸಿ ಶರ್ಟಿನ ತೋಳು ಮಡಚಿಕೊಂಡು ಪಾತ್ರೆಗಳ ಮುಂದೆ ನಿಂತೆ. ಹದಿನೇಳು ಪುಸ್ತಕಗಳಲ್ಲಿ ಒಂದರಲ್ಲೂ ಸೋಪು ಎಷ್ಟು ಹಾಕಬೇಕೆಂದು ಬರೆದಿಲ್ಲ. ನೊರೆ ಮೊಣಕೈವರೆಗೆ ಬಂತು, ಒಂದು ತಟ್ಟೆ ಎರಡು ಸಲ ಬಿತ್ತು. “ತಳ ಉಜ್ಜಿ... ಒಳಗಡೆ ರೀ... ಅಯ್ಯೋ, ಅದು ತೊಳೆದಿದ್ದು!” ಎಂದು ಅವಳು ಪಕ್ಕದಲ್ಲೇ ನಿಂತು ಹೇಳಿಕೊಟ್ಟಳು. ಅವಳೊಬ್ಬಳೇ ಇಪ್ಪತ್ತು ನಿಮಿಷದಲ್ಲಿ ಮುಗಿಸುವ ಕೆಲಸ.

ಪಟ್ಟಿಯ ಕೊನೆಯ ಸಾಲು ಅವಳ ಅಕ್ಷರದಲ್ಲಿದೆ: ‘ಗಂಡನಿಗೆ ಪಾತ್ರೆ ತೊಳೆಯಲು ಕಲಿಸಿದ್ದು, ನಲವತ್ತೈದು ನಿಮಿಷ.’ ಹೀಗಾಗಿ ನನ್ನ ಪಾಲಿನ ಮೊತ್ತ ಎರಡು ಗಂಟೆ ಐವತ್ತೈದು ನಿಮಿಷಕ್ಕೆ ಏರಿತು. ಆ ನಲವತ್ತೈದು ನಿಮಿಷವೂ ಅವಳು ನಗುತ್ತಲೇ ಇದ್ದಳು. ಅದನ್ನು ವರದಿಯಲ್ಲಿ ಬರೆದಿಲ್ಲ. ಬರೆದರೆ ಅದು ದುಡಿಮೆ ಎಂದು ಮೇಡಂ ಒಪ್ಪುವುದಿಲ್ಲ, ಅಂಕ ಕತ್ತರಿಸುತ್ತಾರೆ.