ಟೆಂಪ್ ಟ್ರ್ಯಾಕ್ ಮಹಾಶಯರು ದಯಮಾಡಿ ಸೀಟು ಬಿಡಬೇಕೆಂದು ಕೋರಿ

ಶ್ರೀ ಟೆಂಪ್ ಟ್ರ್ಯಾಕ್ ಮಹಾಶಯರ ಸನ್ನಿಧಾನಕ್ಕೆ,
ಸಂಕಲನಕಾರರ ಕಂಪ್ಯೂಟರ್, ಎರಡನೆಯ ಮಹಡಿ, ಬೇಗಂಪೇಟೆ, ಹೈದರಾಬಾದು.

ಮಾನ್ಯರೇ,

ತಾವು ಆರೋಗ್ಯವಾಗಿದ್ದೀರೆಂದು ಬಲ್ಲೆ. ಕಳೆದ ಐದು ತಿಂಗಳಿಂದ ಆ ಕೋಣೆಯ ಬಾಗಿಲು ತೆರೆದಾಗಲೆಲ್ಲ ಮೊದಲು ಕಿವಿಗೆ ಬೀಳುವವರು ತಾವೇ ಆದ್ದರಿಂದ ತಮ್ಮ ಕ್ಷೇಮ ವಿಚಾರಿಸಲು ನನಗೆ ಬೇರೆಯವರನ್ನು ಕೇಳುವ ಪ್ರಮೇಯ ಬಂದಿಲ್ಲ. ತಮ್ಮ ಆಯುಸ್ಸು ವೃದ್ಧಿಸಲಿ ಎಂದು ಹಾರೈಸಬೇಕಾದದ್ದು ಪದ್ಧತಿ. ಆದರೆ ಅದು ನನ್ನ ಹಾರೈಕೆಯಿಲ್ಲದೆಯೂ ದಿನೇ ದಿನೇ ವೃದ್ಧಿಸುತ್ತಿರುವುದನ್ನು ಕಣ್ಣಾರೆ ಕಂಡು ಆ ಶ್ರಮವನ್ನು ಉಳಿಸಿಕೊಂಡಿದ್ದೇನೆ.

ಇದು ಬಹಿರಂಗ ಪತ್ರವಾದ್ದರಿಂದ, ತಮ್ಮನ್ನು ಅರಿಯದ ಸಾಮಾನ್ಯ ಜನರಿಗೆ ತಮ್ಮ ಪರಿಚಯ ಹೇಳುವುದು ನನ್ನ ಕರ್ತವ್ಯ. ಸಿನಿಮಾದ ಚಿತ್ರೀಕರಣ ಮುಗಿದು ದೃಶ್ಯಗಳನ್ನು ಜೋಡಿಸುವ ಹೊತ್ತಿಗೆ ಅದರ ಸಂಗೀತ ಇನ್ನೂ ಹುಟ್ಟಿರುವುದಿಲ್ಲ. ಬರೀ ಮೌನದಲ್ಲಿ ನೋಡಿದರೆ ನಿರ್ದೇಶಕರಿಗೆ ತಮ್ಮ ಸಿನಿಮಾ ತಮಗೇ ಬೇಸರ ತರಿಸುವ ಅಪಾಯವಿರುವುದರಿಂದ, ಬೇರೆ ಯಾವುದೋ ಸಿನಿಮಾದ ಸಂಗೀತವನ್ನು ತಂದು ತಾತ್ಕಾಲಿಕವಾಗಿ ಅಲ್ಲಿ ಹಾಕಿರುತ್ತಾರೆ. ಅದಕ್ಕೆ ಟೆಂಪ್ ಟ್ರ್ಯಾಕ್ ಎಂದು ಹೆಸರು. ಹೊಸ ಸಂಗೀತ ಬಂದ ದಿನ ಅದು ಎದ್ದು ಹೋಗಬೇಕು. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ಲು ಎಸೆಯುವುದಿಲ್ಲವೇ, ಹಾಗೆ. ಆದರೆ ಟವೆಲ್ಲೇ ಸೀಟಿನಲ್ಲಿ ಕೂತು, ಟಿಕೆಟ್ ಪಡೆದವನನ್ನು ಕೆಳಗಿಳಿಸಿ, ತಾನು ಊರು ಮುಟ್ಟಿದ್ದು ತಮ್ಮ ವಿಷಯದಲ್ಲೇ ಮೊದಲೆಂದು ಕಾಣುತ್ತದೆ. ಆ ಟಿಕೆಟ್ ಪಡೆದವನೇ ನಾನು.

ನಾನು ಹುಲಗೇಶ, ದೇವದುರ್ಗ ಕಡೆಯವನು, ಸದ್ಯ ಜೀಡಿಮೆಟ್ಲಾದಲ್ಲಿ ವಾಸ. ಹದಿನಾಲ್ಕು ವರ್ಷಗಳಿಂದ ಈ ಊರಿನ ಸಂಗೀತ ನಿರ್ದೇಶಕರ ಕೈಕೆಳಗೆ ಅರೇಂಜರ್ ಆಗಿದ್ದೇನೆ. ಅವರು ಫೋನಿನಲ್ಲಿ ಎರಡು ಸಾಲು ಗುನುಗಿ ಕಳಿಸಿದರೆ, ಅದಕ್ಕೆ ತಾಳ, ವಾದ್ಯ, ಏರು, ಇಳಿತ ಎಲ್ಲವನ್ನೂ ಕೂಡಿಸಿ ಕೊಡುವುದು ನನ್ನ ಕೆಲಸ. ಕೆಲವೊಮ್ಮೆ ಆ ಎರಡು ಸಾಲನ್ನೂ ನಾನೇ ಗುನುಗಿಕೊಳ್ಳಬೇಕಾಗುತ್ತದೆ. ಪರದೆಯ ಮೇಲೆ ಅಡುಗೆಯವರ ಹೆಸರು ಬರುತ್ತದೆ, ಜನರೇಟರ್ ತಂದವರ ಹೆಸರು ಬರುತ್ತದೆ, ನಿರ್ಮಾಪಕರ ಮನೆಯ ನಾಯಿಗೂ ಕೃತಜ್ಞತೆ ಸಲ್ಲುತ್ತದೆ; ಅರೇಂಜರನ ಹೆಸರು ಮಾತ್ರ ಬರದಿರುವುದು ಇಲ್ಲಿಯ ಶಿಷ್ಟಾಚಾರ. ಇಂಥವನಿಗೆ ಈ ವರ್ಷ ಮೊದಲ ಬಾರಿಗೆ ಒಂದು ಇಡೀ ಸಿನಿಮಾ ಸಿಕ್ಕಿತು. ಪರದೆಯ ಮೇಲೆ ಬೇರೆ ಯಾರ ಜೊತೆಯೂ ಹಂಚಿಕೊಳ್ಳದೆ, ‘ಸಂಗೀತ: ಹುಲಗೇಶ’ ಎಂದು ಒಂದು ಕಾರ್ಡು. ನನಗೆ ಅದೊಂದೇ ಬೇಕಿತ್ತು.

ಮಹಾಶಯರೇ, ನಾಯಕಿ ರೈಲು ಇಳಿದು ಸ್ಟೇಷನ್ನಿನ ಜನಸಂದಣಿಯಲ್ಲಿ ಕಳೆದುಹೋದ ತಮ್ಮನನ್ನು ಹುಡುಕುವ ನಾಲ್ಕು ನಿಮಿಷದ ದೃಶ್ಯದಲ್ಲಿ ತಾವು ವಿರಾಜಮಾನರಾಗಿದ್ದಿರಿ. ಆ ಜಾಗಕ್ಕೆ ನಾನು ಹತ್ತೊಂಬತ್ತು ಬಗೆಯ ಸಂಗೀತ ಮಾಡಿ ಒಪ್ಪಿಸಿದೆ. ಸಾರಂಗಿ ತಂದೆ, ಶಹನಾಯಿ ತಂದೆ, ಇಪ್ಪತ್ತು ಪಿಟೀಲುಗಳನ್ನು ಸಾಲಾಗಿ ಕೂರಿಸಿದೆ, ಕೊನೆಗೆ ಏನೂ ತರದೆ ಬರೀ ಉಸಿರಿನ ಸದ್ದು ಇಟ್ಟೆ. ನಿರ್ದೇಶಕ ಮಹಾಶಯರು ಕಣ್ಣು ಮುಚ್ಚಿ ಪೂರ್ತಿ ಕೇಳಿ, ಪ್ರತಿ ಸಲವೂ ‘ಬಾಗುಂದಿ ಬ್ರೋ, ಕಾನೀ ಆ ಫೀಲ್ ಲೇದು’ ಎಂದು, ಅಂದರೆ ಚೆನ್ನಾಗಿದೆ ಆದರೆ ಆ ಫೀಲ್ ಇಲ್ಲ ಎಂದು, ತಮ್ಮನ್ನೇ ಮತ್ತೊಮ್ಮೆ ಹಾಕಿ ಕೇಳಿಸುತ್ತಿದ್ದರು. ಆ ಕಬ್ಬಿಣದ ಸದ್ದು ನೋಡಿ, ಆ ಕುಂಟುವ ತಾಳ ನೋಡಿ, ನಡುವೆ ಕೂಗುವ ಆ ಹೆಂಗಸಿನ ಎದೆ ಸೀಳುವ ದನಿ ನೋಡಿ, ಇದನ್ನು ಮಾಡಿದ ಮನುಷ್ಯ ಎಷ್ಟು ಜನ್ಮದ ನೋವು ಉಂಡಿರಬೇಕು ಎಂದು ನನಗೆ ಪಾಠ ಹೇಳುತ್ತಿದ್ದರು. ನಾನು ವಿನಯದಿಂದ ತಲೆ ತಗ್ಗಿಸಿ ನನ್ನದೇ ಹೊಗಳಿಕೆಯನ್ನು ಬೈಗುಳವಾಗಿ ಸ್ವೀಕರಿಸುತ್ತಿದ್ದೆ.

ಯಾಕೆಂದರೆ ತಮ್ಮನ್ನು ಮಾಡಿದವನು ನಾನು. ಇದನ್ನು ತಾವಾದರೂ ಅಲ್ಲಗಳೆಯುವುದಿಲ್ಲವೆಂದು ನಂಬಿದ್ದೇನೆ. ಹನ್ನೊಂದು ವರ್ಷದ ಹಿಂದೆ ನಮ್ಮವ್ವ ಗದಿಗೆಮ್ಮ ಮಾದಾಪುರದ ಒಂದು ಕಂಪನಿಯ ಕಟ್ಟಡದಲ್ಲಿ ಕೂಲಿಗೆ ಹೋಗುತ್ತಿದ್ದಳು. ಅವಳಿಗೆ ಬುತ್ತಿ ಕೊಡಲು ಹೋದ ದಿನ ಛತ್ತು ಹಾಕುತ್ತಿದ್ದರು. ಹೆಂಗಸರು ಏಣಿಯುದ್ದಕ್ಕೂ ಸಾಲಾಗಿ ನಿಂತು ಸಿಮೆಂಟಿನ ಮಾಲು ತುಂಬಿದ ಕಬ್ಬಿಣದ ಪುಟ್ಟಿಗಳನ್ನು ಕೈಯಿಂದ ಕೈಗೆ ಮೇಲಕ್ಕೆ ದಾಟಿಸುತ್ತ, ಖಾಲಿಯಾದವನ್ನು ಕೆಳಕ್ಕೆ ಎಸೆಯುತ್ತಿದ್ದರು. ಆ ಸಾಲಿನಲ್ಲಿದ್ದ ಸುವರ್ಣಾ ಎಂಬುವಳು ಹೆಬ್ಬೆರಳಿಗೆ ಪೆಟ್ಟು ಮಾಡಿಕೊಂಡಿದ್ದರಿಂದ ಪ್ರತಿ ಪುಟ್ಟಿಯನ್ನೂ ಅರ್ಧ ಕ್ಷಣ ತಡವಾಗಿ ಹಿಡಿಯುತ್ತಿದ್ದಳು. ತಮ್ಮ ಜಗತ್ಪ್ರಸಿದ್ಧ ಕುಂಟುವ ತಾಳದ ಮೂಲ ಆ ಹೆಬ್ಬೆರಳು. ‘ಏ ಸುವರ್ಣಾ, ಲಗೂ ಹಿಡಿಯವ್ವ’ ಎಂದು ಕೂಗಿದ ಎದೆ ಸೀಳುವ ದನಿ, ತುಂಬಿದ ಪುಟ್ಟಿಯನ್ನು ತಲೆಯ ಮೇಲೆ ಹೊತ್ತು ಏಣಿಯ ಬುಡದಲ್ಲಿ ನಿಂತಿದ್ದ ನಮ್ಮವ್ವನದು. ಅದಷ್ಟನ್ನೂ ಸಣ್ಣ ರೆಕಾರ್ಡರಿನಲ್ಲಿ ಹಿಡಿದು, ಮೇಲೆ ಒಂದು ಕೊಳಲು ಕೂಡಿಸಿ, ಆಗ ನಾನು ಕೆಲಸಕ್ಕಿದ್ದ ಸಂಗೀತ ನಿರ್ದೇಶಕರಾದ ಗುರುಗಳಿಗೆ ಒಪ್ಪಿಸಿದೆ. ತಾವು ಅವರ ಹೆಸರಿನಲ್ಲಿ ಹೊರಬಂದಿರಿ. ಗಂಗೆಯ ದಡದಲ್ಲಿ ಧ್ಯಾನಸ್ಥರಾಗಿದ್ದಾಗ ಈ ತಾಳ ಒಲಿಯಿತೆಂದು ಗುರುಗಳು ಆಮೇಲೆ ಸಂದರ್ಶನದಲ್ಲಿ ಹೇಳಿದರು. ಆಗ ನನಗೆ ಸಿಟ್ಟು ಬರಲಿಲ್ಲ, ಹೆಮ್ಮೆಯೇ ಆಯಿತು. ಆ ಪದ್ಧತಿಗೆ ಗೋಣು ಆಡಿಸಿದವರಲ್ಲಿ ನಾನೂ ಒಬ್ಬ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಹೇಳಿಬಿಡಬಾರದಿತ್ತೇ ಎಂದು ತಾವು ಕೇಳಬಹುದು. ಹೇಳಿದೆ. ಇಪ್ಪತ್ತನೆಯ ಸಲ ಬೇಸತ್ತು, ನನ್ನ ಹಳೆಯ ಹಾರ್ಡ್ ಡಿಸ್ಕಿನಿಂದ ತಮ್ಮ ಮೂಲ ಪ್ರತಿಯನ್ನೇ ತೆಗೆದು, ಕೊಳಲನ್ನಷ್ಟೇ ತೆಗೆದುಹಾಕಿ ಒಪ್ಪಿಸಿದೆ. ನಿರ್ದೇಶಕರು ಮುಖ ಚಿಕ್ಕದು ಮಾಡಿಕೊಂಡು, ನಕಲು ಮಾಡುವುದು ಸುಲಭ, ಸ್ವಂತದ್ದು ಏನಾದರೂ ಪ್ರಯತ್ನಿಸಿ ಎಂದರು. ಆಗ ಇದ್ದ ಸಂಗತಿ ಇದ್ದ ಹಾಗೆ ಹೇಳಿದೆ. ಅವರು ನನ್ನೆದುರೇ ಗುರುಗಳಿಗೆ ಫೋನು ಮಾಡಿದರು. ಗುರುಗಳು ಬಹಳ ದೊಡ್ಡ ಮನಸ್ಸಿನವರು. ಹುಡುಗ ಒಳ್ಳೆಯವನು, ಕೀಬೋರ್ಡು ಚೆನ್ನಾಗಿ ನುಡಿಸುತ್ತಾನೆ, ಅವನ ಮೇಲೆ ಕೋಪ ಬೇಡ ಎಂದು ನನ್ನ ಪರವಾಗಿ ಕ್ಷಮೆ ಕೇಳಿದರು. ನನಗೆ ನಲವತ್ತೊಂದು ವರ್ಷ.

ಇನ್ನೊಂದು ಅವಕಾಶ ಕೊಡುತ್ತೇನೆಂದು ನಿರ್ದೇಶಕರು ದಯೆ ತೋರಿದರು. ಬೇರೇನೂ ಬೇಡ, ಆ ಕೂಗುವ ಹೆಂಗಸಿನಂಥ ಒಂದು ದನಿಯನ್ನು ಎಲ್ಲಿಂದಾದರೂ ಹುಡುಕಿ ತನ್ನಿ ಎಂದರು. ಹುಡುಕಲು ನಾನು ಬಹಳ ದೂರ ಹೋಗಬೇಕಿರಲಿಲ್ಲ. ನಮ್ಮವ್ವ ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟು, ಆ ತಣ್ಣನೆಯ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ನಿಂತು, ಹನ್ನೊಂದು ವರ್ಷದ ಹಿಂದಿನ ತನ್ನದೇ ಮಾತನ್ನು ಹದಿನಾರು ಸಲ ಕೂಗಿದಳು. ಅವಳು ಯಾರೆಂದು ಈ ಸಲ ನಾನು ಬಾಯಿ ಬಿಡಲಿಲ್ಲ. ನಿರ್ದೇಶಕರು ಕೇಳಿ ತಲೆಯಾಡಿಸಿದರು. ಟ್ರ್ಯಾಕಿನಲ್ಲಿರುವವಳು ನಿಜಕ್ಕೂ ದುಡಿದು ದಣಿದ ಹೆಂಗಸು, ಇವರು ಯಾರೋ ಡಬ್ಬಿಂಗ್ ಕಲಾವಿದೆ ಇರಬೇಕು, ನಟನೆ ತಿಳಿದುಹೋಗುತ್ತದೆ ಎಂದು ತೀರ್ಪು ಕೊಟ್ಟರು. ಆ ಮಾತನ್ನು ಅವಳಿಗೆ ತಿಳಿಸುವಾಗ ನನಗೆ ನಾಚಿಕೆಯಾಯಿತು, ಕಣ್ಣಲ್ಲಿ ನೀರೂ ಬಂತು. ಅವಳಿಗೆ ಮಾತ್ರ ಏನೂ ಅನ್ನಿಸಲಿಲ್ಲ. ‘ಖರೇನ ಹೇಳ್ಯಾರ ಬಿಡು, ಆವಾಗ ತಲಿ ಮ್ಯಾಲ ಪುಟ್ಟಿ ಇತ್ತು. ಈ ತಂಪು ಖೋಲ್ಯಾಗ ಆ ದನಿ ಎಲ್ಲಿಂದ ಬರಬೇಕು’ ಎಂದಳು.

ಮಹಾಶಯರೇ, ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಳ್ಳುತ್ತಿದ್ದೇನೆಂದು ತಾವು ಭಾವಿಸಬಾರದು. ನಿರ್ದೇಶಕರೆಂಬ ಆ ಅತ್ತೆಗೆ ಈಗ ನನ್ನ ಫೋನು ಎತ್ತಲು ಪುರುಸೊತ್ತಿಲ್ಲ. ಆದ್ದರಿಂದ ತಮ್ಮಲ್ಲಿಯೇ ನನ್ನ ಬಿನ್ನಹ. ಒಮ್ಮೆ ನಿರ್ದೇಶಕರ ಸ್ವಪ್ನದಲ್ಲಿ ಕಾಣಿಸಿಕೊಂಡು ತಮ್ಮ ಹುಟ್ಟಿನ ನಿಜ ಹೇಳಬೇಕು. ಅದಾಗದಿದ್ದರೆ, ಈ ವ್ಯಕ್ತಿಯೇ ನನ್ನ ತಂದೆ ಎಂದು ಗೆಜೆಟೆಡ್ ಅಧಿಕಾರಿಯ ಸಹಿಯೊಂದಿಗೆ ಎರಡು ಪ್ರತಿ ಪ್ರಮಾಣಪತ್ರ ಕೊಡಿಸಬೇಕು. ಅದೂ ಕಷ್ಟವೆನಿಸಿದರೆ ಕನಿಷ್ಠಪಕ್ಷ ಸ್ವಲ್ಪ ಕೆಡಬೇಕು. ತಮ್ಮ ವಯಸ್ಸಿನ ಎಲ್ಲ ಹಾಡುಗಳೂ ಮರ್ಯಾದೆಯಿಂದ ಹಳತಾಗಿ ಮದುವೆ ಮಂಟಪಗಳ ಬ್ಯಾಂಡಿನಲ್ಲಿ ನಿವೃತ್ತ ಜೀವನ ನಡೆಸುತ್ತಿರುವಾಗ, ತಾವೊಬ್ಬರೇ ಹೀಗೆ ಚಿರಯೌವನದಲ್ಲಿರುವುದು ಹೆತ್ತವನಿಗೆ ಎಷ್ಟು ತೊಂದರೆ ಎಂದು ಯೋಚಿಸಬೇಕು.

ಅಷ್ಟರಲ್ಲಿ ಆಗುವುದು ಆಗಿಹೋಗಿದೆ. ಹೋದ ವಾರ ಸಿನಿಮಾ ನನ್ನ ಕೈತಪ್ಪಿತು. ಆ ಫೀಲ್ ಬೇಕಾದರೆ ಅದನ್ನು ಮಾಡಿದವರಿಂದಲೇ ಮಾಡಿಸಬೇಕೆಂಬ ನ್ಯಾಯವಾದ ನಿರ್ಧಾರಕ್ಕೆ ಬಂದು ನಿರ್ದೇಶಕರು ಗುರುಗಳನ್ನು ಒಪ್ಪಿಸಿದರು. ಕಾರ್ಡು ಈಗ ಗುರುಗಳದು. ಮರುದಿನವೇ ಗುರುಗಳು ನನಗೆ ಫೋನು ಮಾಡಿ, ಹಳೆಯದನ್ನೆಲ್ಲ ಮರೆತು, ಆ ಥರದ್ದೇ ಆರು ತುಣುಕು ಗುರುವಾರದೊಳಗೆ ಬೇಕು, ನಿನಗೆ ಗೊತ್ತಲ್ಲ ಹೇಗೆ ಮಾಡುವುದೆಂದು ಎಂದರು. ಹೆಸರಿನ ಮಾತು ಎತ್ತಿದೆ. ನೋಡೋಣ ಎಂದರು. ಈ ಊರಿನಲ್ಲಿ ನೋಡೋಣ ಎಂದರೆ ಏನರ್ಥವೆಂದು ಹದಿನಾಲ್ಕು ವರ್ಷ ನೋಡಿದವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆಗುವುದಿಲ್ಲ ಎಂದು ಹೇಳಲು ಫೋನು ಎತ್ತಿಕೊಂಡಿದ್ದೆ. ನಮ್ಮವ್ವ ಅದನ್ನು ಕೈಯಿಂದ ಕಸಿದುಕೊಂಡು ಕೇಳಿದ ಪ್ರಶ್ನೆ ಒಂದೇ, ಹೆಸರು ಬರೆಯುತ್ತಾರೋ ಇಲ್ಲವೋ. ಇಲ್ಲ ಎಂದೆ. ‘ಬರಿಯೂದಿಲ್ಲಂದ್ರ ಬಿಡು, ನಾ ಒದರತೀನಿ’ ಎಂದಳು.

ಹೀಗಾಗಿ ಭಾನುವಾರ ನಮ್ಮ ಬಾಡಿಗೆ ಮನೆಯ ಮಾಳಿಗೆಯ ಮೇಲೆ, ಔಷಧ ಕಾರ್ಖಾನೆಯ ವಾಸನೆಯ ನಡುವೆ, ಐವತ್ತೊಂಬತ್ತು ವರ್ಷದ ಗದಿಗೆಮ್ಮ ಹಸಿ ಮರಳು ತುಂಬಿದ ಪುಟ್ಟಿಯನ್ನು ತಲೆಯ ಮೇಲೆ ಹೊತ್ತು ಮೈಕಿನ ಮುಂದೆ ನಿಂತಳು. ಸುವರ್ಣಾಳನ್ನೂ ಕರೆಸಿದ್ದೆವು, ಹೆಬ್ಬೆರಳು ವಾಸಿಯಾಗಿದ್ದರೂ ತಡಮಾಡುವ ಅಭ್ಯಾಸ ಬಿಟ್ಟಿರಲಿಲ್ಲ. ಆರು ತುಣುಕೂ ಬುಧವಾರವೇ ಗುರುಗಳಿಗೆ ತಲುಪಿದವು. ತಮಗಿನ್ನು ಆ ಕಂಪ್ಯೂಟರಿನಲ್ಲಿ ಕೆಲಸವಿಲ್ಲ ಎಂಬ ಸುದ್ದಿಯನ್ನು ಅತ್ಯಂತ ವಿಷಾದದಿಂದ ತಿಳಿಸುತ್ತ, ಇದುವರೆಗಿನ ಸೇವೆಗೆ ನಮಸ್ಕರಿಸಿ ಬೀಳ್ಕೊಡುತ್ತೇನೆ.

ತಮ್ಮ ವಿಶ್ವಾಸಿ, ಹಾಗೂ ದಾಖಲೆಯಿಲ್ಲದ ತಂದೆ,
ಹುಲಗೇಶ
ಜೀಡಿಮೆಟ್ಲಾ

ಮರೆತ ಮಾತು: ನಿರ್ದೇಶಕರು ಹೊಸ ತುಣುಕುಗಳನ್ನು ಕೇಳಿ, ಅದೇ ದನಿ, ನಿಜವಾದ ದನಿ ಎಂದು ಕಣ್ಣೊರೆಸಿಕೊಂಡರಂತೆ. ಆರರಲ್ಲೂ ನಮ್ಮವ್ವ ಕೂಗಿರುವುದು ಒಂದೇ ಮಾತು: ‘ಇದನ್ನ ಮಾಡಿದಾವ ನನ್ನ ಮಗ ಹುಲಗೇಶ, ಕೇಳ್ರೆಪ್ಪಾ.’ ಐದು ತಿಂಗಳು ನನ್ನನ್ನು ಬರೀ ‘ಬ್ರೋ’ ಎಂದೇ ಕರೆದಿದ್ದರಿಂದ ಅದರಲ್ಲೊಂದು ಹೆಸರಿದೆ ಎಂಬ ಅನುಮಾನ ಅವರಿಗೆ ಬಂದಿಲ್ಲ. ಅರ್ಥವೇನೆಂದು ಕೇಳಿದ್ದಕ್ಕೆ, ಮಳೆಗಾಗಿ ಮಾಡುವ ಪ್ರಾಚೀನ ಪ್ರಾರ್ಥನೆ ಎಂದು, ತುಣುಕುಗಳನ್ನು ಕೇಳದೆಯೇ ದಾಟಿಸಿದ್ದ ಗುರುಗಳು ತಿಳಿಸಿದರಂತೆ. ಅರ್ಥವಾಗದಿರುವುದೇ ಅದರ ಸೊಬಗಾದ್ದರಿಂದ ಆ ಸಾಲಿಗೆ ಉಪಶೀರ್ಷಿಕೆ ಬೇಡವೆಂದು ಅಪ್ಪಣೆಯಾಗಿದೆ. ಬಿಡುಗಡೆಯ ದಿನ ಮೊದಲ ಆಟಕ್ಕೆ ಮಾದಾಪುರದ ಕಟ್ಟಡಗಳಲ್ಲಿ ದುಡಿಯುವ ನಮ್ಮ ರಾಯಚೂರು, ಯಾದಗಿರಿ ಕಡೆಯವರು ನಾಲ್ಕು ಸಾಲು ಪೂರ್ತಿ ಹಿಡಿದಿದ್ದಾರೆ. ಅವರಿಗೂ ಉಪಶೀರ್ಷಿಕೆ ಬೇಕಾಗುವುದಿಲ್ಲ.